ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್ ಒಪ್ಪಿಸದ ಲೆಕ್ಕ

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟರ್ ಕಲಾಕೇಂದ್ರದ ಸಂಗ್ರಹದಲ್ಲಿ ಬಂಗಾರದ್ದೊಂದು ರೈಲು ಮೊಳೆ ಇದೆ. ಅದರ ನಾಲ್ಕೂ ಮಗ್ಗುಲಲ್ಲಿ ಅಕ್ಷರ ಕೊರೆದಿದ್ದಾರೆ: ರೈಲ್ವೆ ಕಂಪನಿಯ ಅಧಿಕಾರಿಗಳು ಮತ್ತು ನಿರ್ದೇಶಕರ ಹೆಸರು, ದೇಶದ ಒಗ್ಗಟ್ಟು ಉಳಿಯಲಿ ಎಂದು ದೇವರಲ್ಲೊಂದು ಮೊರೆ, ಕೆಲಸ ಶುರುವಾದ ದಿನ 1863ರ ಜನವರಿ 8, ಮುಗಿದ ದಿನ 1869ರ ಮೇ 8. ಈ ಕೊನೆಯ ದಿನಾಂಕ ತಪ್ಪು. ಅಮೆರಿಕದ ಎರಡು ತುದಿಗಳನ್ನು ಬೆಸೆದ ರೈಲು ಹಳಿಯ ಕೊನೆಯ ಮೊಳೆ ಬಿದ್ದದ್ದು ಯೂಟಾದ ಪ್ರಾಮಂಟರಿ ಬೆಟ್ಟದ ಮೇಲೆ, ಮೇ 10ರಂದು. ಎರಡು ದಿನ ತಡವಾಗಲು ಮಳೆಗೆ ಕೊಚ್ಚಿಹೋದ ದಾರಿ ಒಂದು ಕಾರಣ. ಇನ್ನೊಂದು, ಪೂರ್ವದ ಕಡೆಯಿಂದ ಬರಬೇಕಿದ್ದ ಯೂನಿಯನ್ ಪೆಸಿಫಿಕ್ ಕಂಪನಿಯ ಉಪಾಧ್ಯಕ್ಷ ಥಾಮಸ್ ಡ್ಯುರಾಂಟ್‌ನ ಬೋಗಿಯನ್ನು ಸಂಬಳ ಸಿಗದ ಕೆಲಸಗಾರರು ದಾರಿಯಲ್ಲೇ ತಡೆದು ನಿಲ್ಲಿಸಿದ್ದರು. ಬಾಕಿ ಕೂಲಿಯ ದುಡ್ಡು ಬರುವತನಕ ಅವರು ಬಿಡಲಿಲ್ಲ. ಬಂಗಾರದ ಮೇಲೆ ಕೆತ್ತಿದ ಇತಿಹಾಸ ಎರಡು ದಿನ ಮುಂದೆ ಓಡಿದ್ದೂ, ಕೂಲಿಯ ಲೆಕ್ಕ ಹಿಂದೆ ಉಳಿದದ್ದೂ ಒಂದೇ ಘಟನೆಯಲ್ಲಿ ಕಾಣುತ್ತದೆ. ಅಂದು ಪಶ್ಚಿಮದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಪರವಾಗಿ ಸುತ್ತಿಗೆ ಹಿಡಿದಿದ್ದವನು ಅದರ ಅಧ್ಯಕ್ಷ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್. ಮೊದಲ ಏಟು ಮೊಳೆಗೆ ತಾಗದೆ ಜಾರಿತಂತೆ. ಆದರೂ ತಂತಿ ಮಾರ್ಗದಲ್ಲಿ ಕೆಲಸ ಮುಗಿದ ಸುದ್ದಿ ದೇಶದುದ್ದಕ್ಕೂ ಹೋಯಿತು.

ಸ್ಟ್ಯಾನ್‌ಫರ್ಡ್ ಬಗ್ಗೆ ಎರಡು ತೀರ್ಪುಗಳು ಸಿದ್ಧವಾಗಿಯೇ ಸಿಗುತ್ತವೆ. ಒಂದರ ಪ್ರಕಾರ ಆತ ಮರುಭೂಮಿ, ಹಿಮಪರ್ವತಗಳನ್ನು ಗೆದ್ದು ದೇಶ ಕಟ್ಟಿದ ಸಾಹಸಿ. ಇನ್ನೊಂದರ ಪ್ರಕಾರ ಊರ ದುಡ್ಡು ನುಂಗಿ, ಕೊನೆಗಾಲದಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿ ಪಾಪ ತೊಳೆದುಕೊಂಡ ದರೋಡೆಕೋರ. ನನಗೆ ಎರಡೂ ಸುಲಭದ ಮಾತುಗಳಾಗಿ ಕಾಣುತ್ತವೆ. ಆತ ದುರಾಸೆಯವನೋ ದಾನಿಯೋ ಎಂಬ ಪ್ರಶ್ನೆ ಸ್ವಭಾವಕ್ಕೆ ಸಂಬಂಧಿಸಿದ್ದು, ಸತ್ತವನ ಸ್ವಭಾವವನ್ನು ಎಷ್ಟು ಅಳೆದರೂ ಮುಗಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸಾರ್ವಜನಿಕರ ಸಾಲ, ಸಾರ್ವಜನಿಕರ ಜಮೀನು, ಸಾರ್ವಜನಿಕ ಹುದ್ದೆ ಮೂರನ್ನೂ ಬಳಸಿ ಕಟ್ಟಿದವನು ಅದರ ಲೆಕ್ಕವನ್ನು ಯಾರಿಗಾದರೂ ಒಪ್ಪಿಸಿದನೇ? ಹಣದ ಲೆಕ್ಕ, ಸತ್ತವರ ಲೆಕ್ಕ, ದುಡಿದವರ ಹೆಸರಿನ ಲೆಕ್ಕ. ಸ್ಟ್ಯಾನ್‌ಫರ್ಡ್‌ನ ಬದುಕನ್ನು ಎಲ್ಲಿಂದ ಬಿಡಿಸಿದರೂ ಈ ಜಾಗದಲ್ಲಿ ಒಂದು ಹಾಳೆ ಹರಿದುಹೋಗಿರುತ್ತದೆ. ಆತನ ಮೇಲಿನ ಆರೋಪಗಳಲ್ಲಿ ಗಟ್ಟಿಯಾಗಿ ನಿಲ್ಲುವುದು ಇದೊಂದೇ ಎಂಬುದು ನನ್ನ ವಾದ.

1824ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಸ್ಟ್ಯಾನ್‌ಫರ್ಡ್ ಓದಿದ್ದು ಕಾನೂನು. ವಿಸ್ಕಾನ್ಸಿನ್‌ನ ಸಣ್ಣ ಊರೊಂದರಲ್ಲಿ ವಕೀಲಿ ಮಾಡುತ್ತಿದ್ದಾಗ ಪುಸ್ತಕಗಳೆಲ್ಲ ಬೆಂಕಿಗೆ ಆಹುತಿಯಾದವು. 1852ರಲ್ಲಿ ಚಿನ್ನದ ಹುಚ್ಚು ಹತ್ತಿದ್ದ ಕ್ಯಾಲಿಫೋರ್ನಿಯಾಕ್ಕೆ ಬಂದ. ಚಿನ್ನ ಅಗೆಯಲಿಲ್ಲ. ಅಗೆಯುವವರಿಗೆ ಸಾಮಾನು ಮಾರುವ ತನ್ನ ಅಣ್ಣತಮ್ಮಂದಿರ ವ್ಯಾಪಾರಕ್ಕೆ ಕೈಜೋಡಿಸಿದ, ಅದು ಜಾಣತನವೇ. ಸ್ಯಾಕ್ರಮೆಂಟೊದ ಇನ್ನೂ ಮೂವರು ವ್ಯಾಪಾರಿಗಳಾದ ಕಾಲಿಸ್ ಹಂಟಿಂಗ್ಟನ್, ಮಾರ್ಕ್ ಹಾಪ್ಕಿನ್ಸ್, ಚಾರ್ಲ್ಸ್ ಕ್ರಾಕರ್ ಜೊತೆ ಸೇರಿ 1861ರ ಜೂನ್‌ನಲ್ಲಿ ಸೆಂಟ್ರಲ್ ಪೆಸಿಫಿಕ್ ಕಂಪನಿ ಕಟ್ಟಿ ಅದರ ಅಧ್ಯಕ್ಷನಾದ. ಸಿಯೆರಾ ನೆವಾಡಾ ಪರ್ವತವನ್ನು ದಾಟುವ ದಾರಿ ಹುಡುಕಿ, ನಕ್ಷೆ ಬರೆದು, ಇವರನ್ನೆಲ್ಲ ಒಂದೆಡೆ ಕೂಡಿಸಿದವನು ಥಿಯೋಡರ್ ಜೂಡಾ ಎಂಬ ಎಂಜಿನಿಯರ್. ಅದೇ ವರ್ಷ ಸ್ಟ್ಯಾನ್‌ಫರ್ಡ್ ರಾಜ್ಯದ ಗವರ್ನರ್ ಆಗಿ ಚುನಾಯಿತನಾದ. ನಮ್ಮ ರಾಜ್ಯಪಾಲರಂತೆ ನೇಮಕವಾಗುವ ಹುದ್ದೆಯಲ್ಲ ಅದು, ನಮ್ಮ ಮುಖ್ಯಮಂತ್ರಿಯ ಅಧಿಕಾರ ಅದಕ್ಕಿದೆ. 1862ರ ಜನವರಿಯಲ್ಲಿ ಪ್ರಮಾಣವಚನದ ದಿನ ಸ್ಯಾಕ್ರಮೆಂಟೊ ನೆರೆಯಲ್ಲಿ ಮುಳುಗಿತ್ತು, ಹೊಸ ಗವರ್ನರ್ ದೋಣಿ ಹತ್ತಿ ಸಮಾರಂಭಕ್ಕೆ ಹೋಗಬೇಕಾಯಿತು. ಮರುವರ್ಷ ಅದೇ ಊರಲ್ಲಿ ರೈಲು ದಾರಿಗೆ ಮೊದಲ ಸನಿಕೆ ಮಣ್ಣು ಹಾಕಿದವನೂ ಅವನೇ. ಸರ್ಕಾರದ ಮುಖ್ಯಸ್ಥನಾಗಿಯೋ ಗುತ್ತಿಗೆ ಪಡೆದ ಕಂಪನಿಯ ಮುಖ್ಯಸ್ಥನಾಗಿಯೋ ಎಂದು ಬೇರ್ಪಡಿಸಿ ಹೇಳುವುದು ಯಾರಿಂದಲೂ ಆಗದು. ಎರಡೂ ಕುರ್ಚಿಯಲ್ಲಿ ಕೂತಿದ್ದವನು ಒಬ್ಬನೇ.

ಎರಡು ಕುರ್ಚಿ ಒಬ್ಬನದೇ ಆದಾಗ ಏನಾಗುತ್ತದೆಂಬುದಕ್ಕೆ ಆರ್ಕೇಡ್ ಹಳ್ಳದ ಪ್ರಸಂಗ ಸಾಕು. 1862ರ ಜುಲೈ 1ರಂದು ಲಿಂಕನ್ ಸಹಿ ಹಾಕಿದ ಪೆಸಿಫಿಕ್ ರೈಲ್ವೆ ಕಾಯ್ದೆ ಕಟ್ಟಿದ ಪ್ರತಿ ಮೈಲಿಗೂ ಸರ್ಕಾರಿ ಬಾಂಡ್ ರೂಪದಲ್ಲಿ ಸಾಲ ಕೊಡುತ್ತಿತ್ತು: ಸಮತಟ್ಟು ನೆಲದಲ್ಲಿ ಮೈಲಿಗೆ 16,000 ಡಾಲರ್, ಪರ್ವತಗಳ ನಡುವಿನ ಎತ್ತರದ ಬಯಲಿನಲ್ಲಿ 32,000, ಪರ್ವತದಲ್ಲಿ 48,000. ಜೊತೆಗೆ ಮೈಲಿಗೆ 6,400 ಎಕರೆ ಸರ್ಕಾರಿ ಜಮೀನು. ಎರಡೇ ವರ್ಷದಲ್ಲಿ ಅದು 12,800 ಎಕರೆ ಆಯಿತು. ಹಾಗಾದರೆ ಪರ್ವತ ಎಲ್ಲಿ ಶುರುವಾಗುತ್ತದೆ? ಈ ಪ್ರಶ್ನೆಯ ಉತ್ತರಕ್ಕೆ ಮೂರು ಪಟ್ಟು ಬೆಲೆ ಇತ್ತು. ರಾಜ್ಯದ ಭೂವಿಜ್ಞಾನಿ ಜೋಸೈಯಾ ವಿಟ್ನಿ ಕೊಟ್ಟ ಅಭಿಪ್ರಾಯದ ಪ್ರಕಾರ ಸಿಯೆರಾದ ಬುಡ ಆರಂಭವಾಗುವುದು ಆರ್ಕೇಡ್ ಹಳ್ಳದ ಬಳಿ. ಸ್ಯಾಕ್ರಮೆಂಟೊದಿಂದ ಏಳು ಮೈಲಿ ದೂರದ ಚಪ್ಪಟೆ ಬಯಲು ಅದು. ಕಣ್ಣಿಗೆ ಕಾಣುವ ಬೆಟ್ಟ ಇನ್ನೂ ಎಷ್ಟೋ ಮೈಲಿ ಆಚೆಗಿದೆ. ಬೆಟ್ಟದಿಂದ ಕೊಚ್ಚಿಬಂದ ಮಣ್ಣು ಅಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ ಎಂಬುದು ತರ್ಕ. ಲಿಂಕನ್ ಅದನ್ನು ಒಪ್ಪಿದ. ಬಯಲಿಗೆ ಪರ್ವತದ ದರ ಸಿಕ್ಕಿತು. ಇದರಲ್ಲಿ ಕಾನೂನು ಮುರಿದದ್ದೇನೂ ಇಲ್ಲ ಎಂದು ಸಮರ್ಥಕರು ಹೇಳುತ್ತಾರೆ. ನಿಜ, ಮುರಿಯಲಿಲ್ಲ. ಆದರೆ ಅಭಿಪ್ರಾಯ ಕೊಟ್ಟ ವಿಜ್ಞಾನಿ ಯಾವ ರಾಜ್ಯದ ಸಂಬಳ ತಿನ್ನುತ್ತಿದ್ದನೋ ಆ ರಾಜ್ಯದ ಗವರ್ನರ್, ಆ ಅಭಿಪ್ರಾಯದಿಂದ ಲಾಭ ಪಡೆದ ಕಂಪನಿಯ ಅಧ್ಯಕ್ಷನೂ ಆಗಿದ್ದ. ಕೇಳುವವನೂ ಕೊಡುವವನೂ ಒಬ್ಬನೇ ಆದಲ್ಲಿ ಲೆಕ್ಕ ತಪಾಸಣೆಗೆ ಜಾಗವೆಲ್ಲಿ?

ಇಲ್ಲಿ ಒಂದು ಆಕ್ಷೇಪಣೆಗೆ ನ್ಯಾಯವಾಗಿ ಉತ್ತರ ಹೇಳಬೇಕು. ಸರ್ಕಾರ ದುಡ್ಡನ್ನು ಸುಮ್ಮನೆ ಸುರಿಯಿತು, ನಾಲ್ವರು ಅದನ್ನು ಜೇಬಿಗಿಳಿಸಿದರು ಎಂಬ ಕಥೆ ಸರಿಯಲ್ಲ. ಬಾಂಡ್‌ಗಳು ದಾನವಲ್ಲ, ಸಾಲ. ಮೊದಲ 40 ಮೈಲಿ ಹಳಿ ಹಾಕಿ ತೋರಿಸುವತನಕ ಒಂದು ಬಾಂಡ್ ಕೂಡ ಕೈಗೆ ಬರುತ್ತಿರಲಿಲ್ಲ. ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಹಳಿ, ಎಂಜಿನ್‌ಗಳನ್ನು ಪೂರ್ವ ತೀರದಿಂದ ಹಡಗಿನಲ್ಲಿ ದಕ್ಷಿಣ ಅಮೆರಿಕದ ತುದಿ ಸುತ್ತಿಸಿ ತರಬೇಕಿತ್ತು. ಆ ವರ್ಷಗಳಲ್ಲಿ ನಾಲ್ವರೂ ತಮ್ಮ ಸ್ವಂತ ಆಸ್ತಿಯ ಭರವಸೆ ಕೊಟ್ಟು ಸಾಲ ಎತ್ತಿದರು, ದಿವಾಳಿಯ ಅಂಚಿಗೂ ಹೋಗಿಬಂದರು. ಸೆಂಟ್ರಲ್ ಪೆಸಿಫಿಕ್ ಉಳಿಸಿಕೊಂಡಿದ್ದ ಸುಮಾರು 5.88 ಕೋಟಿ ಡಾಲರ್ ಬಾಕಿ 1899ರಲ್ಲಿ ಇತ್ಯರ್ಥವಾಗಿ, 1909ರ ಹೊತ್ತಿಗೆ ಬಡ್ಡಿ ಸಮೇತ ತೀರಿಯೂ ಹೋಯಿತು. ಇಷ್ಟನ್ನೂ ಒಪ್ಪೋಣ. ಹಾಗೆಂದರೆ ಸಾರ್ವಜನಿಕರ ದುಡ್ಡು ಮುಳುಗಲಿಲ್ಲ ಎಂದಷ್ಟೇ ಅರ್ಥ. ಮೂವತ್ತು ವರ್ಷ ಆ ದುಡ್ಡು ಎಲ್ಲಿತ್ತು, ಯಾರ ಕೈಯಲ್ಲಿ ಎಷ್ಟಾಗಿ ಬೆಳೆಯಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 1867ರ ಹೊತ್ತಿಗೆ ನಾಲ್ವರು ಕಂಟ್ರಾಕ್ಟ್ ಅಂಡ್ ಫೈನಾನ್ಸ್ ಕಂಪನಿ ಎಂಬ ಇನ್ನೊಂದು ಸಂಸ್ಥೆ ಕಟ್ಟಿದ್ದರು. ರೈಲ್ವೆ ಕಂಪನಿಯ ನಿರ್ದೇಶಕರಾಗಿ ಇವರು ಗುತ್ತಿಗೆ ಕೊಡುವುದು, ಗುತ್ತಿಗೆ ಕಂಪನಿಯ ಮಾಲೀಕರಾಗಿ ಇವರೇ ಅದನ್ನು ಪಡೆಯುವುದು. ದರ ನಿಗದಿ ಮಾಡುವಾಗ ಮೇಜಿನ ಎರಡೂ ಬದಿಯಲ್ಲಿ ಅದೇ ಮುಖಗಳು. ಪೂರ್ವದ ಯೂನಿಯನ್ ಪೆಸಿಫಿಕ್ ಇದೇ ತಂತ್ರವನ್ನು ಕ್ರೆಡಿಟ್ ಮೊಬಿಲಿಯರ್ ಹೆಸರಲ್ಲಿ ನಡೆಸಿ ಸಿಕ್ಕಿಬಿತ್ತು. 1872–73ರಲ್ಲಿ ವಾಷಿಂಗ್ಟನ್‌ನಲ್ಲಿ ಆ ಹಗರಣದ ತನಿಖೆ ನಡೆಯಿತು, ಸಂಸದರ ಮಾನ ಹರಾಜಾಯಿತು. ಆಮೇಲೆ ತನಿಖೆಯವರು ಪಶ್ಚಿಮದ ಕಂಪನಿಯ ಖಾತೆ ಪುಸ್ತಕಗಳನ್ನು ಕೇಳಿದಾಗ ಅವು ಇರಲಿಲ್ಲ. ಸಾಲ ತೀರಿಸಿದ್ದೇವೆ ಎನ್ನುವವನ ಬಳಿ ಪುಸ್ತಕ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲೂ ಮಾತು ನಡೆಯುವುದಿಲ್ಲ. ಈ ನಾಲ್ವರು ಅಂಗಡಿ ಇಟ್ಟೇ ಮೇಲೆ ಬಂದವರು.

ಪುಸ್ತಕ ಹೋದರೆ ಬಾಯಾದರೂ ಇತ್ತಲ್ಲ. 1887ರಲ್ಲಿ ಅಮೆರಿಕದ ಸಂಸತ್ತು ಪೆಸಿಫಿಕ್ ರೈಲ್ವೆ ಆಯೋಗ ರಚಿಸಿ, ಸರ್ಕಾರದ ನೆರವು ಪಡೆದ ರೈಲ್ವೆಗಳ ವ್ಯವಹಾರವನ್ನೆಲ್ಲ ಕೆದಕಲು ಹೇಳಿತು. ಸಾಕ್ಷಿ ಹೇಳಲು ಬಂದ ಸ್ಟ್ಯಾನ್‌ಫರ್ಡ್ ಆಗ ಕ್ಯಾಲಿಫೋರ್ನಿಯಾದ ಸೆನೆಟರ್, ಅಂದರೆ ಆಯೋಗವನ್ನು ರಚಿಸಿದ ಸಂಸತ್ತಿನದೇ ಸದಸ್ಯ. ವಿವರವೇ ಇಲ್ಲದ ವೋಚರ್‌ಗಳ ಮೇಲೆ ದೊಡ್ಡ ಮೊತ್ತಗಳು ಖರ್ಚಾಗಿದ್ದವು. ಅವುಗಳಲ್ಲಿ ಯಾವುದಾದರೂ ಕಾನೂನು ಮಾಡುವವರ ಮೇಲೆ ಪ್ರಭಾವ ಬೀರಲು ಹೋಯಿತೇ ಎಂದು ಕೇಳಿದಾಗ ಆತ ಉತ್ತರಿಸಲು ನಿರಾಕರಿಸಿದ. ಆಯೋಗ ನ್ಯಾಯಾಲಯಕ್ಕೆ ಹೋಯಿತು. ಬಾಯಿ ಬಿಡಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು ತೀರ್ಪಾಯಿತು. ತೀರ್ಪು ಬರೆದವನು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್, ಸ್ಟ್ಯಾನ್‌ಫರ್ಡ್‌ನ ಗೆಳೆಯ. ಎರಡು ವರ್ಷದ ಹಿಂದೆ ಸ್ಥಾಪನೆಯಾದ ವಿಶ್ವವಿದ್ಯಾಲಯದ ಮೊದಲ ಟ್ರಸ್ಟಿಗಳಲ್ಲಿ ಫೀಲ್ಡ್‌ನ ಹೆಸರೂ ಇತ್ತು. ಖಾಸಗಿ ವ್ಯಕ್ತಿಯ ಕಾಗದಪತ್ರಗಳನ್ನು ಸರ್ಕಾರ ಬೇಕಾದಂತೆ ಕೆದಕಬಾರದು ಎಂಬ ಫೀಲ್ಡ್‌ನ ತತ್ವದಲ್ಲಿ ಹುರುಳಿದೆ. ಇವತ್ತಿನ ಕಾಲದಲ್ಲಂತೂ ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಆ ತತ್ವದ ಆಸರೆ ಬೇಡಿದವನು ಮನೆಬಾಗಿಲು ಮುಚ್ಚಿಕೊಂಡ ಬಡ ಪ್ರಜೆಯಾಗಿರಲಿಲ್ಲ. ಸರ್ಕಾರದ ಸಾಲ ಪಡೆದ ಕಂಪನಿಯ ಅಧ್ಯಕ್ಷ, ಆ ಸಾಲದ ಬಗ್ಗೆ ಕಾನೂನು ಮಾಡುವ ಸದನದ ಸದಸ್ಯ. ಉತ್ತರಿಸದೆ ಇರುವ ಹಕ್ಕು ಆತನಿಗಿತ್ತು ಎಂದು ನ್ಯಾಯಾಲಯ ಹೇಳಬಹುದು. ಉತ್ತರಿಸದ ಸೆನೆಟರ್ ಸ್ಥಾನದಲ್ಲಿ ಮುಂದುವರಿಯಬೇಕಿತ್ತೇ ಎಂಬುದನ್ನು ನ್ಯಾಯಾಲಯ ಹೇಳುವುದಿಲ್ಲ, ಮತದಾರ ಹೇಳಬೇಕು. ಅದಕ್ಕೂ ದಾರಿಯಿರಲಿಲ್ಲ. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದುದು ರಾಜ್ಯದ ಶಾಸಕರು. ಕ್ಯಾಲಿಫೋರ್ನಿಯಾದ ಶಾಸಕರ ಮೇಲೆ ರೈಲ್ವೆಯ ಹಿಡಿತ ಎಷ್ಟಿತ್ತೆಂಬುದು ಆ ಕಾಲದ ಪತ್ರಿಕೆಗಳಿಗೆ ದಿನದ ಸುದ್ದಿ.

ಹಣದ ಲೆಕ್ಕಕ್ಕಿಂತ ಕೆಟ್ಟದ್ದು ಆಳುಗಳ ಲೆಕ್ಕ. ಗವರ್ನರ್ ಆಗಿ ಮಾಡಿದ ಮೊದಲ ಭಾಷಣದಲ್ಲೇ ಸ್ಟ್ಯಾನ್‌ಫರ್ಡ್ ಏಷ್ಯಾದ ಜನರನ್ನು ಕೀಳು ಜನಾಂಗ ಎಂದು ಕರೆದು, ಅವರು ಇಲ್ಲಿ ನೆಲೆಸದಂತೆ ತಡೆಯಬೇಕು ಎಂದಿದ್ದ. ಮೂರು ವರ್ಷ ಕಳೆಯುವುದರೊಳಗೆ ಕಂಪನಿಗೆ ಆಳುಗಳ ಕೊರತೆ ಬಿತ್ತು. ಬಂದ ಬಿಳಿಯರು ನೆವಾಡಾದ ಬೆಳ್ಳಿ ಗಣಿಗಳತ್ತ ಓಡುತ್ತಿದ್ದರು. 1865ರಿಂದ ಕ್ರಾಕರ್ ಚೀನೀಯರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳತೊಡಗಿದ. ಬಹುಪಾಲು ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದ ಹಳ್ಳಿಗಳವರು. ಕೆಲಸ ಬಿರುಸಾದ ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು, ಹತ್ತರಲ್ಲಿ ಒಂಬತ್ತು ಆಳು ಚೀನೀಯ. 1865ರ ಅಕ್ಟೋಬರ್‌ನಲ್ಲಿ ಅದೇ ಸ್ಟ್ಯಾನ್‌ಫರ್ಡ್ ದೇಶದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್‌ಗೆ ವರದಿ ಬರೆದು, ಇವರು ಶಾಂತರು, ತಾಳ್ಮೆಯವರು, ದುಡಿಮೆಗಾರರು, ಇವರಿಲ್ಲದೆ ಸಂಸತ್ತು ಕೊಟ್ಟ ಗಡುವಿನೊಳಗೆ ಈ ದಾರಿ ಮುಗಿಯದು ಎಂದು ಹೊಗಳಿದ. ಮನುಷ್ಯನ ಅಭಿಪ್ರಾಯ ಬದಲಾಗಬಾರದೇ ಎಂದು ಕೇಳಬಹುದು. ಬದಲಾಗಲಿ. ಆದರೆ ಹೊಗಳಿಕೆ ಸಂಬಳದ ಪಟ್ಟಿಗೆ ಇಳಿಯಲಿಲ್ಲ. ಚೀನೀ ಆಳಿಗೆ ತಿಂಗಳಿಗೆ 26ರಿಂದ ಶುರುವಾಗಿ ಕ್ರಮೇಣ 30 ಡಾಲರ್ ದಾಟಿತು. ಊಟದ ಖರ್ಚು ಅವನದೇ. ಬಿಳಿಯನಿಗೆ 35 ಡಾಲರ್, ಜೊತೆಗೆ ಊಟ, ವಸತಿ ಕಂಪನಿಯದು.

ದುಡಿಮೆ ಎಂಥದ್ದು ಎಂಬುದನ್ನು ಸಿಯೆರಾದ ನೆತ್ತಿಯ ಆರನೆಯ ಸುರಂಗದಲ್ಲಿ ನೋಡಬೇಕು. ಉದ್ದ 1,659 ಅಡಿ, ಗಟ್ಟಿ ಗ್ರಾನೈಟ್. ಎರಡು ತುದಿಯಿಂದ ಕೊರೆದರೆ ವರ್ಷಗಟ್ಟಲೆ ಆಗುತ್ತದೆಂದು ನಡುವೆ ಮೇಲಿನಿಂದ ಬಾವಿ ತೋಡಿ, ಅಲ್ಲಿಂದ ಎರಡು ದಿಕ್ಕಿಗೂ ಕೊರೆಯತೊಡಗಿದರು. ನಾಲ್ಕು ಮುಖದಲ್ಲಿ ಹಗಲಿರುಳು ಪಾಳಿ. ಒಬ್ಬ ಉಕ್ಕಿನ ಸರಳನ್ನು ಬಂಡೆಗೆ ಆನಿಸಿ ಹಿಡಿಯಬೇಕು, ಉಳಿದವರು ಸರದಿಯಲ್ಲಿ ಸುತ್ತಿಗೆ ಬೀಸಬೇಕು. ಪ್ರತಿ ಏಟಿಗೂ ಸರಳನ್ನು ಚೂರು ತಿರುಗಿಸದಿದ್ದರೆ ತೂತು ಇಳಿಯುವುದಿಲ್ಲ. ಕಪ್ಪು ಮದ್ದು ತುಂಬಿ ಸಿಡಿಸಿದರೂ ಒಂದು ಮುಖದಲ್ಲಿ ದಿನಕ್ಕೆ ಅಡಿಯ ಆಸುಪಾಸು ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಆಮೇಲೆ ನೈಟ್ರೋಗ್ಲಿಸರಿನ್ ಬಂತು. ಅಲ್ಲೇ ಬೆಟ್ಟದ ಮೇಲೆ ಅದನ್ನು ಬೆರೆಸಿ ತಯಾರಿಸುತ್ತಿದ್ದರು. 1866–67ರ ಚಳಿಗಾಲದಲ್ಲಿ ಹಿಮ ಎಷ್ಟು ಬಿತ್ತೆಂದರೆ ಆಳುಗಳು ಹಿಮದೊಳಗೆ ಕೊರೆದ ಓಣಿಗಳಲ್ಲೇ ಬಿಡಾರದಿಂದ ಸುರಂಗಕ್ಕೆ ನಡೆದು ಬರುತ್ತಿದ್ದರು. ಹಿಮ ಕುಸಿದು ಬಿಡಾರ ಸಮೇತ ಹೂತುಹೋದವರೂ ಉಂಟು. ಕೆಲವರ ಹೆಣ ಸಿಕ್ಕಿದ್ದು ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆ. ಒಟ್ಟು ಎಷ್ಟು ಜನ ಸತ್ತರು? ಇತಿಹಾಸಕಾರರ ಅಂದಾಜು ನೂರರ ಲೆಕ್ಕದಿಂದ 1,200ರವರೆಗೆ ಚದುರಿದೆ. ಅಂದಾಜು ಇಷ್ಟು ಅಗಲವಾಗಿರಲು ಕಾರಣ ಸರಳ, ಕಂಪನಿ ಎಣಿಸಲಿಲ್ಲ. ಮೈಲಿಗಳನ್ನು ಅಡಿ ಲೆಕ್ಕದಲ್ಲಿ ಎಣಿಸಿ ಬಾಂಡ್ ಪಡೆದ ಕಂಪನಿಗೆ ಎಣಿಸುವುದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೆಣದ ಲೆಕ್ಕವನ್ನು ಯಾರೂ ಕೇಳಲಿಲ್ಲ, ಅದಕ್ಕೆ ಬಾಂಡ್ ಸಿಗುತ್ತಿರಲಿಲ್ಲ. ಅಷ್ಟೆ.

1867ರ ಜೂನ್‌ನಲ್ಲಿ ಸುಮಾರು 3,000 ಚೀನೀ ಆಳುಗಳು ಕೆಲಸ ನಿಲ್ಲಿಸಿದರು. ತಿಂಗಳಿಗೆ 40 ಡಾಲರ್, ಕಡಿಮೆ ಗಂಟೆಗಳ ಕೆಲಸ, ಅದರಲ್ಲೂ ಸುರಂಗದೊಳಗೆ ಪಾಳಿ ಚಿಕ್ಕದಾಗಬೇಕು ಎಂಬುದು ಬೇಡಿಕೆ. ಗಲಾಟೆಯಿಲ್ಲ, ಕಲ್ಲು ತೂರಾಟವಿಲ್ಲ. ಭಾನುವಾರದ ರಜೆಯಂತೆ ಶಿಸ್ತಾಗಿ ಬಿಡಾರಗಳಲ್ಲಿ ಕೂತರು. ಕ್ರಾಕರ್ ಬೆಟ್ಟಕ್ಕೆ ಹೋಗುತ್ತಿದ್ದ ಅಕ್ಕಿ, ದಿನಸಿ ನಿಲ್ಲಿಸಿದ. ಒಂದು ವಾರದಲ್ಲಿ ಮುಷ್ಕರ ಮುರಿಯಿತು. ಸ್ಟ್ಯಾನ್‌ಫರ್ಡ್ ಅಲ್ಲಿರಲಿಲ್ಲ, ಆಳುಗಳ ಉಸ್ತುವಾರಿ ಆತನದಾಗಿರಲಿಲ್ಲ ಎಂದು ಹೇಳುವವರಿದ್ದಾರೆ. ಹಾಗಾದರೆ ಮೊಳೆಗೆ ಹೊಡೆಯುವ ಉಸ್ತುವಾರಿಯೂ ಆತನದಾಗಿರಲಿಲ್ಲ. ಕೀರ್ತಿಗೆ ಅಧ್ಯಕ್ಷ, ಹೊಣೆಗೆ ಮೇಸ್ತ್ರಿ ಎಂಬ ಹಂಚಿಕೆಯನ್ನು ಒಪ್ಪಲು ನನಗೆ ಕಾರಣ ಕಾಣುವುದಿಲ್ಲ.

ಹೆಸರಿನ ಮಾತಿಗೆ ಬಂದರೆ, 1869ರ ಏಪ್ರಿಲ್ 28ರಂದು ಸೆಂಟ್ರಲ್ ಪೆಸಿಫಿಕ್ ಒಂದೇ ದಿನದಲ್ಲಿ ಹತ್ತು ಮೈಲಿ ಹಳಿ ಹಾಕಿ ದಾಖಲೆ ಮಾಡಿತು. ಅಂದು ಹಳಿ ಎತ್ತಿಟ್ಟ ಎಂಟು ಐರಿಶ್ ಆಳುಗಳ ಹೆಸರು ಇವತ್ತಿಗೂ ದಾಖಲೆಯಲ್ಲಿದೆ. ಅದೇ ದಿನ ಮಣ್ಣು ಸರಿಮಾಡಿದ, ಮರದ ದಿಮ್ಮಿ ಹಾಸಿದ, ಮೊಳೆ ಹೊಡೆದ ಸಾವಿರಾರು ಚೀನೀಯರಲ್ಲಿ ಒಬ್ಬನ ಹೆಸರೂ ಇಲ್ಲ. ಸಂಬಳದ ಪಟ್ಟಿಯಲ್ಲಿ ಬಹುತೇಕ ಗುಂಪಿನ ಮುಖಂಡನ ಹೆಸರಷ್ಟೇ ಬರೆಯುತ್ತಿದ್ದರು. ಇದು ಭಾಷೆ ಬಾರದ ಗುಮಾಸ್ತನ ಸೋಮಾರಿತನ ಎಂದುಕೊಂಡರೂ, ಸ್ಟ್ಯಾನ್‌ಫರ್ಡ್‌ನ ಬದುಕಿನಲ್ಲಿ ಹೆಸರು ಅಳಿಸಿಹೋಗಲು ಚೀನೀಯನೇ ಆಗಬೇಕಿರಲಿಲ್ಲ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂದು ತಿಳಿಯಲು ಆತ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನಿಗೆ ದುಡ್ಡು ಕೊಟ್ಟ. 1878ರ ಜೂನ್‌ನಲ್ಲಿ ಪಾಲೊ ಆಲ್ಟೊದ ಕುದುರೆ ಫಾರಂನಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳು ಪ್ರಪಂಚದ ಗಮನ ಸೆಳೆದವು. ಸಿನಿಮಾದ ಇತಿಹಾಸ ಬರೆಯುವವರು ಅಲ್ಲಿಂದ ಶುರುಮಾಡುತ್ತಾರೆ. 1882ರಲ್ಲಿ ಸ್ಟ್ಯಾನ್‌ಫರ್ಡ್ ಆ ವಿಷಯದ ಪುಸ್ತಕ ಹೊರತಂದಾಗ ಮುಖಪುಟದಲ್ಲಿ ಲೇಖಕನಾಗಿ ಇದ್ದದ್ದು ಆತನ ಗೆಳೆಯ, ವೈದ್ಯ ಸ್ಟಿಲ್‌ಮನ್. ಮೈಬ್ರಿಜ್ ಹೆಸರು ಅಲ್ಲಿರಲಿಲ್ಲ. ಕೆಲಸದ ಶ್ರೇಯಸ್ಸೇ ಸಂಶಯಕ್ಕೆ ಬಿದ್ದು ಲಂಡನ್ನಿನ ರಾಯಲ್ ಸೊಸೈಟಿ ಮೈಬ್ರಿಜ್‌ನ ಲೇಖನ ಪ್ರಕಟಿಸುವುದರಿಂದ ಹಿಂದೆ ಸರಿಯಿತು. ಆತ ದಾವೆ ಹೂಡಿ ಸೋತ. ಇನ್ನು ಆ ಜೂಡಾ? ನಾಲ್ವರ ಲೆಕ್ಕಾಚಾರಗಳು ಸರಿಬರದೆ, ಅವರ ಪಾಲನ್ನು ಕೊಳ್ಳಬಲ್ಲ ಬಂಡವಾಳಗಾರರನ್ನು ಹುಡುಕಿ ನ್ಯೂಯಾರ್ಕಿಗೆ ಹೊರಟವನು ಪನಾಮಾ ದಾಟುವಾಗ ಜ್ವರ ಹತ್ತಿಸಿಕೊಂಡು 1863ರ ನವೆಂಬರ್‌ನಲ್ಲಿ ತೀರಿಕೊಂಡ. 37 ವರ್ಷ. ಕೊನೆಯ ಮೊಳೆಯ ಸಮಾರಂಭವನ್ನು ಥಾಮಸ್ ಹಿಲ್ 1881ರಲ್ಲಿ ದೊಡ್ಡ ಚಿತ್ರವಾಗಿ ಬರೆದಾಗ ಸ್ಟ್ಯಾನ್‌ಫರ್ಡ್‌ನನ್ನು ನಡುವೆ ನಿಲ್ಲಿಸಿ, ಸಮಾರಂಭಕ್ಕೆ ಐದೂವರೆ ವರ್ಷ ಮೊದಲೇ ಸತ್ತಿದ್ದ ಜೂಡಾನನ್ನೂ ಗುಂಪಿನಲ್ಲಿ ಸೇರಿಸಿದ. ಬದುಕಿದ್ದಾಗ ಸಿಗದ ಜಾಗ ಬಣ್ಣದಲ್ಲಿ ಸಿಕ್ಕಿತು.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬುದು ಇಂಥ ಚರ್ಚೆಯಲ್ಲಿ ತಪ್ಪದೆ ಬರುವ ಆಕ್ಷೇಪಣೆ. ಒಳ್ಳೆಯದು, ಅಂದಿನ ಅಳತೆಗೋಲನ್ನೇ ಹಿಡಿಯೋಣ. ಹಳಿ ಕೂಡುವ ಮೊದಲೇ, 1868ರಲ್ಲಿ, ಹೆನ್ರಿ ಜಾರ್ಜ್ ಎಂಬ ಪತ್ರಕರ್ತ ಸ್ಯಾನ್ ಫ್ರಾನ್ಸಿಸ್ಕೊದ ಓವರ್‌ಲ್ಯಾಂಡ್ ಮಂಥ್ಲಿ ಮಾಸಪತ್ರಿಕೆಯಲ್ಲಿ, ರೈಲು ಬಂದರೆ ಜಮೀನು ಉಳ್ಳವರು ಇನ್ನಷ್ಟು ಉಳ್ಳವರಾಗುತ್ತಾರೆ, ದುಡಿಮೆ ಬಿಟ್ಟು ಬೇರೇನೂ ಇಲ್ಲದವನ ಪಾಡು ಕಷ್ಟವಾಗುತ್ತದೆ ಎಂದು ಬರೆದ. 1879ರಲ್ಲಿ ಕ್ಯಾಲಿಫೋರ್ನಿಯಾದ ಜನ ಹೊಸ ಸಂವಿಧಾನ ಬರೆದುಕೊಂಡು, ದರ ನಿಯಂತ್ರಿಸಲು ಚುನಾಯಿತ ರೈಲ್ವೆ ಆಯೋಗ ರಚಿಸಿದರು (ಅದನ್ನೂ ರೈಲ್ವೆ ಪಳಗಿಸಿಕೊಂಡಿತು ಎಂಬುದು ಬೇರೆ ಮಾತು). 1880ರ ಮೇ ತಿಂಗಳಲ್ಲಿ ಮಸಲ್ ಸ್ಲೂ ಎಂಬಲ್ಲಿ ಇವರದೇ ಸದರ್ನ್ ಪೆಸಿಫಿಕ್ ಕಂಪನಿ ಜಮೀನಿನ ಬೆಲೆ ಏರಿಸಿದ್ದರಿಂದ ಎದ್ದ ಜಗಳದಲ್ಲಿ ಗುಂಡು ಹಾರಿ ಏಳು ಜನ ಸತ್ತರು. ಊಟ ನಿಂತರೂ ಒಂದು ವಾರ ಕೂತ ಮುಷ್ಕರದವರೂ ಸ್ಟ್ಯಾನ್‌ಫರ್ಡ್‌ನ ಸಮಕಾಲೀನರೇ. ಆ ಕಾಲದ ನ್ಯಾಯಬುದ್ಧಿ ಎಂದರೆ ಆ ಕಾಲದ ಶ್ರೀಮಂತರದು ಮಾತ್ರ ಎಂದು ಹಿಡಿದಾಗಷ್ಟೇ ಈ ಆಕ್ಷೇಪಣೆ ನಿಲ್ಲುತ್ತದೆ. ಒಂದು ತೊಡಕನ್ನು ಮುಚ್ಚಿಡಬಾರದು. ರೈಲ್ವೆಯನ್ನು ಎದುರಿಸಿದ ಬಿಳಿ ಕೆಲಸಗಾರರ ಚಳವಳಿಯೇ ಚೀನೀಯರನ್ನು ಓಡಿಸಿ ಎಂದು ಕೂಗಿತು. 1879ರ ಸಂವಿಧಾನದಲ್ಲಿ ಚೀನೀಯರ ವಿರುದ್ಧದ ವಿಧಿಗಳೂ ಸೇರಿದವು. 1882ರಲ್ಲಿ ಚೀನೀ ಕೆಲಸಗಾರರು ಅಮೆರಿಕಕ್ಕೆ ಬರದಂತೆ ಕಾನೂನೇ ಆಯಿತು. ಜನರ ಕಡೆಯವರೆಲ್ಲ ಒಳ್ಳೆಯವರು ಎಂಬ ಸುಲಭದ ಗೆರೆ ಇಲ್ಲಿ ಎಳೆಯಲಾಗದು. ಎರಡು ಕಡೆಯವರೂ ಸೇರಿ ಒಪ್ಪಿದ ಒಂದೇ ಸಂಗತಿಯೆಂದರೆ ಚೀನೀಯನ ಮಾತು ಕೇಳಬೇಕಾಗಿಲ್ಲ ಎಂಬುದು.

ಉಳಿದದ್ದು ವಿಶ್ವವಿದ್ಯಾಲಯ. ಒಬ್ಬನೇ ಮಗ, ಅಪ್ಪನದೇ ಹೆಸರಿನ ಹುಡುಗ, 1884ರ ಮಾರ್ಚ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡ. ಹದಿನಾರು ತುಂಬಿರಲಿಲ್ಲ. ಇನ್ನು ಮುಂದೆ ಕ್ಯಾಲಿಫೋರ್ನಿಯಾದ ಮಕ್ಕಳೇ ತಮ್ಮ ಮಕ್ಕಳು ಎಂದು ದಂಪತಿ ನಿಶ್ಚಯಿಸಿದರು. ಮರುವರ್ಷ ದಾನಪತ್ರ, 1891ರ ಅಕ್ಟೋಬರ್ 1ಕ್ಕೆ ತರಗತಿ ಆರಂಭ. ಮೊದಲ ದಿನದಿಂದಲೂ ಹೆಣ್ಣುಮಕ್ಕಳಿಗೆ ಪ್ರವೇಶವಿತ್ತು, ಬೋಧನಾ ಶುಲ್ಕವಿರಲಿಲ್ಲ. ಈ ದುಃಖವನ್ನಾಗಲಿ ಈ ದಾನವನ್ನಾಗಲಿ ನಾಟಕ ಎನ್ನಲು ನನಗೆ ಮನಸ್ಸಿಲ್ಲ. ಅದರ ಫಲ ಕನ್ನಡಿಗರಿಗೂ ಗೊತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಸಾವಿರಾರು ಕನ್ನಡದ ಕುಟುಂಬಗಳ ಅನ್ನ ಆ ಕ್ಯಾಂಪಸ್ಸಿನ ಸುತ್ತ ಬೆಳೆದ ಉದ್ಯಮಗಳದು. ಆದರೆ ದಾನದಿಂದ ಲೆಕ್ಕ ಚುಕ್ತಾ ಆಗುತ್ತದೆ ಎಂಬ ವಾದದಲ್ಲಿ ಒಂದು ಬಿರುಕಿದೆ. ದಾನಿ ತನಗೆ ಇಷ್ಟವಾದವರಿಗೆ ಕೊಡುತ್ತಾನೆ, ಬಾಕಿ ಇರುವವರಿಗೆ ಅಲ್ಲ. 1893ರ ಜೂನ್‌ನಲ್ಲಿ ಸ್ಟ್ಯಾನ್‌ಫರ್ಡ್ ಸತ್ತ ಮೇಲೆ ಸರ್ಕಾರ ಆತನ ಆಸ್ತಿಯ ಮೇಲೆ 1.5 ಕೋಟಿ ಡಾಲರ್ ಮೀರಿದ ದಾವೆ ಹೂಡಿತು. ವಿಶ್ವವಿದ್ಯಾಲಯ ಮುಚ್ಚುವ ಸ್ಥಿತಿಗೆ ಬಂತು. ವಿಧವೆ ಜೇನ್ ಸ್ಟ್ಯಾನ್‌ಫರ್ಡ್ ಮನೆಯ ಆಳುಕಾಳು ಕಡಿಮೆ ಮಾಡಿ, ಸಿಕ್ಕ ಭತ್ಯೆಯಲ್ಲಿ ಅಧ್ಯಾಪಕರ ಸಂಬಳ ನಡೆಸಿದಳು. 1896ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಸಾಲಕ್ಕೆ ಷೇರುದಾರ ಖುದ್ದಾಗಿ ಹೊಣೆಯಲ್ಲ ಎಂದಿತು. ತೀರ್ಪು ಕಾನೂನಿನ ದೃಷ್ಟಿಯಲ್ಲಿ ಸರಿಯಿರಬಹುದು, ಆ ಹೆಂಗಸಿನ ಗಟ್ಟಿತನವೂ ಮೆಚ್ಚುವಂಥದ್ದೇ. ಆದರೂ ಗಮನಿಸಿ: ಸಾಲ ಕಂಪನಿಯದು, ಲಾಭ ವ್ಯಕ್ತಿಯದು, ಆ ಲಾಭದಿಂದ ಮಾಡಿದ ದಾನದ ಪುಣ್ಯವೂ ವ್ಯಕ್ತಿಯದು.

ಆ ವಿಶ್ವವಿದ್ಯಾಲಯದೊಳಗಿಂದಲೇ ಈಗ ಲೆಕ್ಕ ಕೇಳುವ ಕೆಲಸ ನಡೆದಿದೆ ಎಂಬುದನ್ನು ದಾನದ ಪರವಾದ ಅತ್ಯುತ್ತಮ ವಾದವೆಂದು ನಾನು ಒಪ್ಪುತ್ತೇನೆ. ಅಲ್ಲಿ ಇತಿಹಾಸ ಕಲಿಸುತ್ತಿದ್ದ ರಿಚರ್ಡ್ ವೈಟ್ 2011ರ ತಮ್ಮ ‘ರೈಲ್‌ರೋಡೆಡ್’ ಪುಸ್ತಕದಲ್ಲಿ, ಈ ರೈಲುಗಳು ದೇಶಕ್ಕೆ ಬೇಕಾಗುವ ಮೊದಲೇ, ಸರ್ಕಾರದ ನೆರವಿನ ಆಸೆಗಾಗಿ ಕಟ್ಟಿದವು ಎಂದು ವಾದಿಸಿದರು. ಗಾರ್ಡನ್ ಚಾಂಗ್ ಮತ್ತು ಶೆಲ್ಲಿ ಫಿಶರ್ ಫಿಶ್ಕಿನ್ ಮುಂದಾಳುತನದಲ್ಲಿ ಅಲ್ಲಿಯೇ ಚೀನೀ ರೈಲ್ವೆ ಕೆಲಸಗಾರರ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಯಿತು. ಅಮೆರಿಕದಲ್ಲೂ ಚೀನಾದಲ್ಲೂ ಹುಡುಕಿದರು. ಆ ಸಾವಿರಾರು ಜನರಲ್ಲಿ ಯಾರೊಬ್ಬರೂ ರೈಲು ಕೆಲಸದ ಬಗ್ಗೆ ಬರೆದ ಒಂದು ಪತ್ರವೂ ದಿನಚರಿಯೂ ಅವರಿಗೆ ಸಿಗಲಿಲ್ಲ. ಬಿಡಾರಗಳಿದ್ದ ಜಾಗದಲ್ಲಿ ಸಿಕ್ಕ ಪಿಂಗಾಣಿ ಚೂರು, ಸಂಬಳದ ಪಟ್ಟಿ, ಹಡಗಿನ ದಾಖಲೆ, ಊರಿನ ಮೊಮ್ಮಕ್ಕಳ ನೆನಪು, ಇವುಗಳಿಂದ ಇತಿಹಾಸ ಕಟ್ಟಬೇಕಾಯಿತು. 2014ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು, ಒಟ್ಟಾಗಿ, ಹೆಸರಿಲ್ಲದೆ.

ಕೊನೆಗಾಲದಲ್ಲಿ ಸ್ಟ್ಯಾನ್‌ಫರ್ಡ್ ಮನಸ್ಸು ಬದಲಾಯಿಸಿದ ಎಂಬ ಮಾತನ್ನೂ ಕೇಳುತ್ತೇವೆ, ಅದು ಪೂರ್ತಿ ಸುಳ್ಳಲ್ಲ. ಕೆಲಸಗಾರರು ತಾವೇ ಕೂಡಿ ಉದ್ಯಮದ ಮಾಲೀಕರಾಗಬೇಕು, ಬಂಡವಾಳಗಾರನ ಹಂಗು ತಪ್ಪಬೇಕು ಎಂದು ಆತ ಸೆನೆಟ್‌ನಲ್ಲಿ ಸಹಕಾರ ಸಂಘಗಳ ಪರ ಮಸೂದೆ ತಂದ. ರೈತರಿಗೆ ಜಮೀನಿನ ಆಧಾರದ ಮೇಲೆ ಸರ್ಕಾರವೇ ಶೇ 2ರ ಬಡ್ಡಿಯಲ್ಲಿ ಸಾಲ ಕೊಡಲಿ ಎಂದ. ವಿಶ್ವವಿದ್ಯಾಲಯದ ದಾನಪತ್ರದಲ್ಲೇ, ಜನ ಸಂಘಟಿತರಾಗುವ ಹಕ್ಕನ್ನೂ ಸಹಕಾರದ ಲಾಭವನ್ನೂ ಅಲ್ಲಿ ಕಲಿಸಬೇಕು ಎಂದು ಬರೆಸಿದ. ಈ ವಿಚಾರಗಳು ಒಳ್ಳೆಯವೇ, ಆ ಕಾಲದ ಕೋಟ್ಯಧಿಪತಿಯ ಬಾಯಲ್ಲಿ ಅಪರೂಪವೂ ಹೌದು. ಆ ಮಸೂದೆ ತಂದಾಗ ಆತ ಸದರ್ನ್ ಪೆಸಿಫಿಕ್‌ನ ಅಧ್ಯಕ್ಷ, ಸಾವಿರಾರು ಕೆಲಸಗಾರರ ಧಣಿ. 1890ರಲ್ಲಿ ಹಂಟಿಂಗ್ಟನ್ ಆತನನ್ನು ಆ ಕುರ್ಚಿಯಿಂದ ಇಳಿಸುವತನಕವೂ ಅಲ್ಲೇ ಇದ್ದ. ಇಳಿಸಿದ್ದಕ್ಕೆ ಕಾರಣ ಸಹಕಾರ ತತ್ವವಲ್ಲ, ಸೆನೆಟ್ ಸ್ಥಾನದ ಬಗ್ಗೆ ಇಬ್ಬರಿಗೂ ಹುಟ್ಟಿದ್ದ ಹಗೆ. ಅಷ್ಟು ವರ್ಷದಲ್ಲಿ ತನ್ನ ರೈಲ್ವೆಯ ಕೆಲಸಗಾರರಿಗೆ ಮಾಲೀಕತ್ವದ ಪಾಲು ಕೊಡುವ ಪ್ರಯೋಗವನ್ನು ಆತ ಮಾಡಲಿಲ್ಲ. ಅದಕ್ಕೆ ಸಂಸತ್ತಿನ ಒಪ್ಪಿಗೆಯೂ ಬೇಕಿರಲಿಲ್ಲ.